ಪದ ಬೇಕು, ತುರ್ತು: ನಾನ್‌ಡಿಸ್‌ಜಂಕ್ಷನ್‌ಗೆ ಕನ್ನಡ ಏನು?

ಹಾಸನದಿಂದ, ಲ್ಯಾಬಿನಲ್ಲಿ ಕೆಲಸ ಮಾಡುವವಳು:

ಎಲ್ಲರಿಗೂ ನಮಸ್ಕಾರ. ಮಾರ್ಚ್ 21 ವಿಶ್ವ ಡೌನ್ ಸಿಂಡ್ರೋಮ್ ದಿನ. ಅದಕ್ಕೊಂದು ಫ್ಲೆಕ್ಸ್ ಮಾಡಿಸುತ್ತಿದ್ದೇವೆ. ನಾಳೆ ಸಂಜೆಯೊಳಗೆ ಮ್ಯಾಟರ್ ಕೊಡಿ ಅಂತ ಬಿ.ಎಂ. ರಸ್ತೆಯ ಪ್ರಿಂಟಿಂಗಿನವರು ಕೂತಿದ್ದಾರೆ. ಎರಡು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ಒಂದು, ನಾನ್‌ಡಿಸ್‌ಜಂಕ್ಷನ್. ಅಂಡಾಣು ತಯಾರಾಗುವಾಗ ಕ್ರೋಮೋಸೋಮ್‌ಗಳ (ಜೀವಕೋಶದಲ್ಲಿ ಜೀನ್‌ಗಳನ್ನು ಹೊತ್ತ ಎಳೆಗಳ) 21ನೇ ಜೋಡಿ ಬೇರೆಯಾಗದೆ ಎರಡೂ ಒಂದೇ ಕಡೆ ಹೋಗುತ್ತಲ್ಲ, ಅದು. ಡ್ರಾಫ್ಟಿನಲ್ಲಿ ಯಾರೋ 'ಅವಿಯೋಜನೆ' ಅಂತ ಬರೆದಿದ್ದಾರೆ. ನನಗೇ ಅರ್ಥವಾಗಲು ಎರಡು ಸಲ ಓದಬೇಕಾಯಿತು.

ಎರಡು, ಜೆನೆಟಿಕ್. ಡ್ರಾಫ್ಟಿನಲ್ಲಿ 'ಆನುವಂಶಿಕ ನ್ಯೂನತೆ' ಎಂದಿದೆ. ಇದು ಬೇಡವೇ ಬೇಡ. ರಿಪೋರ್ಟ್ ತಗೊಳ್ಳಲು ಬಂದ ಅಜ್ಜಿಯೊಬ್ಬರು ಈ ಪದ ಓದಿಸಿಕೊಂಡು ಸೊಸೆ ಕಡೆ ತಿರುಗಿ, "ನಿಮ್ ಕಡೇಲಿ ಯಾರ್ಗಿತ್ತವ್ವಾ ಇದು?" ಅಂದರು. ಆ ಹುಡುಗಿ ಮಗುವಿನ ಟೋಪಿಯ ದಾರ ಕಟ್ಟಿದ್ದನ್ನೇ ಬಿಚ್ಚಿ ಕಟ್ಟುತ್ತಿದ್ದಳು, ತಲೆ ಎತ್ತಲಿಲ್ಲ. ರಿಪೋರ್ಟಿನಲ್ಲಿ ಇದ್ದದ್ದು 46ರ ಬದಲು 47 ಕ್ರೋಮೋಸೋಮ್, ಅಂದರೆ 21ನೆಯದು ಎರಡರ ಬದಲು ಮೂರು, ಸಾದಾ ಟ್ರೈಸೋಮಿ. ಅದು ಯಾರ ಕಡೆಯಿಂದಲೂ ಬಂದದ್ದಲ್ಲ.

ಚಿಕ್ಕಮಗಳೂರಿನಿಂದ, ನಿವೃತ್ತ ಮೇಷ್ಟ್ರು:

ಕ್ರೋಮೋಸೋಮಿಗೆ ಕನ್ನಡದಲ್ಲಿ ಬಳಸುವ 'ವರ್ಣತಂತು' ಮೊದಲು ಸರಿಮಾಡಿಕೊಳ್ಳಿ, ಉಳಿದದ್ದು ಆಮೇಲೆ. 1888ರಲ್ಲಿ ಜರ್ಮನ್ ವಿಜ್ಞಾನಿ ವಾಲ್‌ಡಯರ್ ಕ್ರೋಮೋಸೋಮ್ ಎಂಬ ಹೆಸರಿಟ್ಟ. ಕ್ರೋಮ ಅಂದರೆ ಬಣ್ಣ, ಸೋಮ ಅಂದರೆ ಮೈ. ಇದರಲ್ಲಿ ತಂತು ಎಲ್ಲಿದೆ? ತಂತು ಇರುವುದು ಮೈಟೋಸಿಸ್ ಎಂಬ ಪದದಲ್ಲಿ, ಅಂದರೆ ಒಂದು ಕೋಶ ಒಡೆದು ತನ್ನಂಥವೇ ಎರಡಾಗುವ ಮಾಮೂಲಿ ವಿಭಜನೆಯ ಹೆಸರಿನಲ್ಲಿ. ಗ್ರೀಕಿನ ಮೈಟೋಸ್ ಅಂದರೆ ದಾರ. ಕೋಶ ಒಡೆಯುವಾಗ ಕಂಡ ದಾರಗಳನ್ನು ನೋಡಿ ಫ್ಲೆಮ್ಮಿಂಗ್ ಎಂಬ ಇನ್ನೊಬ್ಬ ಜರ್ಮನ್ ವಿಜ್ಞಾನಿ 1882ರಲ್ಲಿ ಆ ಹೆಸರು ಕೊಟ್ಟ. ನಮ್ಮವರು ಅಲ್ಲಿನ ದಾರ ತಂದು ಇಲ್ಲಿ ಕಟ್ಟಿದ್ದಾರೆ. 'ವರ್ಣಕಾಯ' ಎನ್ನುವುದೇ ಸರಿ. ಇದನ್ನು ಈ ಬಳಗದಲ್ಲಿ ಹಿಂದೆಯೂ ಬರೆದಿದ್ದೇನೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಅರಸೀಕೆರೆಯಿಂದ:

ಮೇಷ್ಟ್ರೇ, ಈ ಸಲವೂ ಹಾಕಿಕೊಳ್ಳುವುದಿಲ್ಲ. ತಂತು, ಕಾಯ ಎರಡೂ ಸಂಸ್ಕೃತವೇ. ಕನ್ನಡದಲ್ಲಿ 'ಎಳೆ' ಇದೆ. ಬಣ್ಣದೆಳೆ ಅನ್ನಿ. ನಾನ್‌ಡಿಸ್‌ಜಂಕ್ಷನ್‌ಗೆ 'ಬೇರ್ಪಡದಿಕೆ'. ಮುಗಿಯಿತು. ಆಡುವ ಬಾಯಿಗೆ ಸಲೀಸಾದದ್ದೇ ಪದ.

ಹಾಸನದಿಂದ:

ಬೇರ್ಪಡದಿಕೆ ಸಲೀಸಾ? ನಮ್ಮ ಆಯಾಗೆ ಓದಲು ಕೊಟ್ಟೆ. 'ಬೇರು ಪಡೆದಿಕೆ' ಅಂತ ಓದಿ ಗಿಡದ್ದಾ ಅಂದರು.

ಮೂಡಿಗೆರೆಯಿಂದ, ಕಾಫಿ ತೋಟದವರು:

ಗಿಡದ ಮಾತು ಬಂತಲ್ಲ, ಸುಮ್ನೆ ಇರಲಾರೆ. ಡ್ರಾಫ್ಟಿನಲ್ಲಿ 'ಅಸಹಜ ಕೋಶ ವಿಭಜನೆ' ಅಂತಲೂ ಇರುತ್ತದೆ, ನೋಡಿ. ಅದನ್ನೂ ತೆಗೀರಿ. ನನ್ನ ತೋಟದಲ್ಲಿ ರೋಬಸ್ಟಾಕ್ಕೆ 22 ಕ್ರೋಮೋಸೋಮ್, ಅರೇಬಿಕಾಕ್ಕೆ 44. ಇವೆರಡೂ ಕೂಡಿದರೆ ಒಂದೊಂದರಿಂದ ಅರ್ಧ ಬಂದು, ಅರೇಬಿಕಾದ 22ರ ಜೊತೆ ರೋಬಸ್ಟಾದ 11 ಸೇರಿ 33 ಆಗಬೇಕು. ಅಂಥ ಗಿಡಕ್ಕೆ ಕಾಯಿ ಕಚ್ಚುವುದೇ ಕಷ್ಟ. ಆದರೆ ಟಿಮೋರ್ ದ್ವೀಪದಲ್ಲಿ ತಾನಾಗಿ ಹುಟ್ಟಿದ ಬೆರಕೆಗೆ 44 ಇದೆ. ರೋಬಸ್ಟಾ ಕಡೆಯ ಕೋಶ ಅರ್ಧವಾಗದೆ 22ಕ್ಕೆ 22 ಹಾಗೇ ಬಂದುಬಿಟ್ಟಿತು ಎಂದು ಅದಕ್ಕೆ ವಿವರಣೆ. ಎಲೆ ತುಕ್ಕು ರೋಗ ತಡೆಯುವ ಶಕ್ತಿಯೂ ಅದರ ಜೊತೆಗೇ ಬಂತು. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 2007ರಲ್ಲಿ ಬಿಟ್ಟ ಚಂದ್ರಗಿರಿ ತಳಿಯಲ್ಲಿ ಅದರ ರಕ್ತವಿದೆ. ಅಸಹಜ ಅಂತ ಕಿತ್ತು ಬಿಸಾಕಿದ್ದರೆ?

ಹಾಸನದಿಂದ:

ಸಾರ್, ಕಾಫಿ ಆಮೇಲೆ ಕುಡಿಯೋಣ. ನಿಮ್ಮದು ಇಡೀ ಸೆಟ್ಟೇ ಜಾಸ್ತಿಯಾದ ಕತೆ. ನನ್ನದು ಒಂದೇ ಒಂದು ಜೋಡಿ ಬಿಡದ ಕತೆ. 'ಅಸಹಜ' ಮಾತ್ರ ಈಗಲೇ ಹೊಡೆದುಹಾಕಿದೆ.

ಬೇಲೂರಿನಿಂದ, ಮಕ್ಕಳ ವೈದ್ಯರು:

ಪದ ಕಟ್ಟುವ ಮೊದಲು ಅದು ಏನನ್ನು ಹೇಳಬೇಕು ಅಂತ ನೋಡಿ. ಜೋಡಿ ಬಿಡಲಿಲ್ಲ ಅಂದರೆ ಒಂದು ಕೋಶಕ್ಕೆ ಎರಡು ಹೋಗುತ್ತದೆ, ಇನ್ನೊಂದಕ್ಕೆ ಏನೂ ಇಲ್ಲ. ಹಾಗಾಗಿ 'ಹೆಚ್ಚುವರಿ' ಎನ್ನುವ ಯಾವ ಪದವೂ ಅರ್ಧ ಸತ್ಯ. ಟರ್ನರ್ ಸಿಂಡ್ರೋಮಿನಲ್ಲಿ ಒಟ್ಟು 45, ಒಂದು ಕಮ್ಮಿ. ಆಸ್ತಿ ಪಾಲಾಗುವಾಗ ಒಬ್ಬನಿಗೆ ಎರಡು ಹೊಲ ಬರೆದು ಇನ್ನೊಬ್ಬನ ಹೆಸರೇ ಬಿಟ್ಟ ಹಾಗೆ. ನಾನು ತಂದೆತಾಯಿಯರಿಗೆ ಹೇಳುವುದು 'ಪಾಲು ತಪ್ಪಿದೆ' ಅಂತ. ಈವರೆಗೆ ಯಾರೂ ಮರುಪ್ರಶ್ನೆ ಹಾಕಿಲ್ಲ.

ಇನ್ನು ಆನುವಂಶಿಕ. ಇಂಗ್ಲಿಷಿನಲ್ಲಿ ಜೆನೆಟಿಕ್ ಬೇರೆ, ಹೆರೆಡಿಟರಿ ಬೇರೆ. ನಾವು ಎರಡಕ್ಕೂ ಒಂದೇ ಪದ ಹಾಕಿ ಕೂತಿದ್ದೇವೆ. ಆ ಅಜ್ಜಿಯದು ತಪ್ಪಿಲ್ಲ, ಪದದಲ್ಲೇ 'ವಂಶ' ಇದೆ. ಡೌನ್ ಮಕ್ಕಳಲ್ಲಿ ನೂರಕ್ಕೆ ಸುಮಾರು 95 ಜನರಿಗೆ ಆಗಿರುವುದು ಈ ಪಾಲು ತಪ್ಪಿದ್ದೇ. ಹಾಗಂತ 'ಇದು ವಂಶದಿಂದ ಬರುವುದೇ ಇಲ್ಲ' ಅಂತ ದಪ್ಪಕ್ಷರದಲ್ಲಿ ಹಾಕಬೇಡಿ. ಮೂರು ನಾಲ್ಕು ಜನರಲ್ಲಿ 21ರ ತುಂಡು ಬೇರೊಂದು ಕ್ರೋಮೋಸೋಮಿಗೆ, ಸಾಮಾನ್ಯವಾಗಿ 14ಕ್ಕೆ, ಅಂಟಿಕೊಂಡಿರುತ್ತದೆ. ಅಂಥದ್ದು ಅಪ್ಪನಿಂದಲೋ ಅಮ್ಮನಿಂದಲೋ ಇಳಿದಿರಬಹುದು. ಅದಕ್ಕೇ ಕ್ಯಾರಿಯೋಟೈಪ್, ಅಂದರೆ ಕ್ರೋಮೋಸೋಮ್‌ಗಳನ್ನು ಎಣಿಸಿ ಜೋಡಿಸಿ ನೋಡುವ ಪರೀಕ್ಷೆ, ಮಾಡಿಸುವುದು.

ಅಮ್ಮನ ವಯಸ್ಸಿನ ಸಾಲನ್ನೂ ನೋಡಿ ಬರೆಯಿರಿ. ಹೆಣ್ಣುಮಗು ತಾಯಿಯ ಹೊಟ್ಟೆಯಲ್ಲಿರುವಾಗಲೇ ಅದರ ಅಂಡಾಣುಗಳಲ್ಲಿ ಮಿಯಾಸಿಸ್, ಅಂದರೆ ಕ್ರೋಮೋಸೋಮ್ ಅರ್ಧಕ್ಕಿಳಿಯುವ ಕೋಶ ವಿಭಜನೆ, ಶುರುವಾಗಿ ಅರ್ಧಕ್ಕೆ ನಿಂತಿರುತ್ತದೆ. ಮುಂದುವರಿಯುವುದು ಆಕೆ ದೊಡ್ಡವಳಾದ ಮೇಲೆ, ತಿಂಗಳಿಗೆ ಒಂದರಂತೆ. ನಲವತ್ತು ವರ್ಷ ಹಿಡಿದು ನಿಂತ ಜೋಡಿ ಬಿಡುವಾಗ ಎಡವುವುದು ಜಾಸ್ತಿ. 25ರ ವಯಸ್ಸಿನಲ್ಲಿ ಸಾವಿರದ ಇನ್ನೂರಕ್ಕೆ ಒಂದು ಅಂದಾಜು, 40ರಲ್ಲಿ ನೂರಕ್ಕೆ ಒಂದು. ಆದರೂ ಕಮ್ಮಿ ವಯಸ್ಸಿನವರೇ ಜಾಸ್ತಿ ಹೆರುವುದರಿಂದ ಇಂಥ ಮಕ್ಕಳೂ ಅವರಲ್ಲೇ ಜಾಸ್ತಿ. ಅಪ್ಪನ ಕಡೆಯೂ ಪಾಲು ತಪ್ಪುತ್ತದೆ, ಅಪರೂಪಕ್ಕೆ. ಅದನ್ನೂ ಒಂದು ಸಾಲು ಹಾಕಿ, ಅಜ್ಜಿಯಂದಿರು ಓದಲಿ.

ಚಿಕ್ಕಮಗಳೂರಿನಿಂದ, ಮೇಷ್ಟ್ರು:

'ಪಾಲು ತಪ್ಪಿದೆ' ಆಡುಮಾತು, ಪರಿಭಾಷೆ ಅಲ್ಲ. 1916ರಲ್ಲಿ ಅಮೆರಿಕದ ವಿಜ್ಞಾನಿ ಬ್ರಿಜಸ್ ಹಣ್ಣುನೊಣದಲ್ಲಿ ಈ ನಾನ್‌ಡಿಸ್‌ಜಂಕ್ಷನ್ನನ್ನೇ ಹಿಡಿದು, ಜೀನ್‌ಗಳು ಇರುವುದು ಕ್ರೋಮೋಸೋಮಿನ ಮೇಲೆ ಎಂದು ಸಾಧಿಸಿದ. ಅಂಥ ಪದಕ್ಕೆ ತಾಲ್ಲೂಕು ಕಚೇರಿಯ ಭಾಷೆಯೇ?

ಅರಸೀಕೆರೆಯಿಂದ:

ಪಾಲು ಅಚ್ಚಕನ್ನಡ. ತಪ್ಪು ಅಚ್ಚಕನ್ನಡ. ಕಚೇರಿ, ತಾಲ್ಲೂಕು ಹೊರಗಿನಿಂದ ಬಂದವು. ಯಾವುದು ಯಾರ ಭಾಷೆ ಅಂತ ಮೊದಲು ನೋಡಿಕೊಳ್ಳಿ.

ಮೂಡಿಗೆರೆಯಿಂದ:

ಹೊರಗಿನಿಂದ ಬಂದದ್ದೆಲ್ಲ ಬೇಡ ಅಂದರೆ ನಾನು ಕಾಫಿಗಿಡ ಕಿತ್ತು ಏನು ಬೆಳೀಲಿ? ನಿಮ್ಮ ಹಾಸನದ ಆಲೂಗೆಡ್ಡೆಯೂ ಹೊರಗಿನದೇ. ಅದಕ್ಕೂ ನಾಲ್ಕು ಸೆಟ್, 48. ಕ್ರೋಮೋಸೋಮ್ ಅಂತಲೇ ಬರೀರಿ. ಪಿಯುಸಿ ಹುಡುಗರಿಗೂ ಗೊತ್ತು, ಡಾಕ್ಟರು ಹೇಳುವುದೂ ಅದೇ.

ಅರಸೀಕೆರೆಯಿಂದ:

ಗಿಡ ಬೇರೆ, ನುಡಿ ಬೇರೆ.

ಹಾಸನದಿಂದ:

ಕ್ರೋಮೋಸೋಮ್ ಇರಲಿ. ರಿಪೋರ್ಟಿನಲ್ಲೂ ಅದೇ ಇರುವುದರಿಂದ ಜನ ಎರಡನ್ನೂ ಇಟ್ಟು ಹೋಲಿಸಿ ನೋಡಬಹುದು. ಇನ್ನೊಂದು ತೊಡಕಿದೆ. ಮೊಸಾಯಿಕ್ ಮಕ್ಕಳಲ್ಲಿ ಪಾಲು ತಪ್ಪುವುದು ಗರ್ಭ ಕಟ್ಟಿದ ಮೇಲೆ, ಮೈಟೋಸಿಸ್‌ನಲ್ಲಿ. ನೂರಕ್ಕೆ ಒಂದೆರಡು. ಅವರ ಕೆಲವು ಕೋಶದಲ್ಲಿ 46, ಕೆಲವದರಲ್ಲಿ 47. ಮೈಟೋಸಿಸ್, ಮಿಯಾಸಿಸ್ ಎರಡೂ ಫ್ಲೆಕ್ಸಿನಲ್ಲಿ ಬಂದರೆ ಓದುವವರಿಗೆ ಒಂದೇ ಪದದ ಕಾಗುಣಿತ ತಪ್ಪಿದ ಹಾಗೆ ಕಾಣುತ್ತದೆ. ಎರಡನ್ನೂ ಬಿಟ್ಟಿದ್ದೇನೆ. ಪ್ರಿಂಟಿಗೆ ಹೋಗುವುದು ಇಷ್ಟು:

"ನಮ್ಮ ಪ್ರತಿ ಜೀವಕೋಶದಲ್ಲೂ ಸಾಮಾನ್ಯವಾಗಿ 46 ಕ್ರೋಮೋಸೋಮ್‌ಗಳಿರುತ್ತವೆ. ಅಂಡಾಣು ಅಥವಾ ವೀರ್ಯಾಣು ತಯಾರಾಗುವಾಗ ಒಂದೊಂದು ಸಲ ಒಂದು ಜೋಡಿ ಬಿಡದೆ ಪಾಲು ತಪ್ಪುತ್ತದೆ. 21ನೆಯದು ಹೀಗೆ ಮೂರಾದರೆ ಡೌನ್ ಸಿಂಡ್ರೋಮ್. ಬಹುಪಾಲು ಮಕ್ಕಳಲ್ಲಿ ಇದು ಮನೆತನದಿಂದ ಬಂದದ್ದಲ್ಲ. ತಾಯಿ ತಿಂದದ್ದರಿಂದ, ಮಾಡಿದ್ದರಿಂದ ಆದದ್ದೂ ಅಲ್ಲ. ನಿಮ್ಮ ಮಗುವಿನ ಕ್ಯಾರಿಯೋಟೈಪ್ ಬಗ್ಗೆ ಡಾಕ್ಟರನ್ನು ಕೇಳಿ."

ಜೆನೆಟಿಕ್ ಎನ್ನುವ ಪದವೇ ಬೇಕಾಗಲಿಲ್ಲ.

ಚಿಕ್ಕಮಗಳೂರಿನಿಂದ, ಮೇಷ್ಟ್ರು:

'ಮನೆತನದಿಂದ' ಚೆನ್ನಾಗಿದೆ. 'ಬಹುಪಾಲು' ಎಂದ ಕಡೆಯಲ್ಲೇ 'ಪಾಲು ತಪ್ಪುತ್ತದೆ' ಬಂದಿದೆ, ಕಿವಿಗೆ ಹೊಡೆಯುತ್ತದೆ. 'ಹೆಚ್ಚಿನ ಮಕ್ಕಳಲ್ಲಿ' ಅನ್ನಿ. ವರ್ಣಕಾಯದ ವಿಷಯ ಪ್ರತ್ಯೇಕವಾಗಿ ಬರೆಯುತ್ತೇನೆ.

ಹಾಸನದಿಂದ:

ತಿದ್ದಿ ಕಳಿಸಿದೆ ಸಾರ್.