ಪದಚರ್ಚೆ: ಕೀಲಿ ಅಂದರೆ ಬೀಗವೋ, ಬೀಗದ ಕೈಯೋ?

ಬಳಗದವರಿಗೆ ನಮಸ್ಕಾರ.

ನಾನು ಬೆಳಗಾವಿಯವನು. ಮನೆಯ ಮಾಳಿಗೆ ಮೇಲೆ ಒಂದು ಚಿಕ್ಕ ಆಂಟೆನಾ ನಿಲ್ಲಿಸಿದ್ದೇನೆ. ವಿಮಾನಗಳು ತಾವು ಎಲ್ಲಿದ್ದೇವೆ, ಎಷ್ಟು ಎತ್ತರದಲ್ಲಿದ್ದೇವೆ ಎಂಬುದನ್ನು 1090 ಮೆಗಾಹರ್ಟ್ಸ್ ರೇಡಿಯೊದಲ್ಲಿ ಸಾರುತ್ತಲೇ ಹೋಗುತ್ತವೆ. ಅದಕ್ಕೆ ಎಡಿಎಸ್-ಬಿ ಅಂತ ಹೆಸರು. ಅದನ್ನು ಹಿಡಿಯಲು ಒಂದು ಯುಎಸ್‌ಬಿ ರೇಡಿಯೊ ಮತ್ತು ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್ ಸಾಕು. ನಮ್ಮ ಸಾಂಬ್ರಾ ವಿಮಾನ ನಿಲ್ದಾಣದಲ್ಲಿ ಇಳಿಯುವ ವಿಮಾನಗಳೂ ಕಾಣುತ್ತವೆ, ಮುಂಬೈ–ಬೆಂಗಳೂರು ದಾರಿಯಲ್ಲಿ ಎತ್ತರದಲ್ಲಿ ಹೋಗುವವೂ ಕಾಣುತ್ತವೆ.

ವಿಜಯಪುರದಲ್ಲಿ ನನ್ನ ಅಕ್ಕನ ಮಗ ಇಂಥದ್ದೇ ಒಂದನ್ನು ಹಾಕಿದ್ದಾನೆ. ಎರಡೂ ಮನೆಯ ಮಾಹಿತಿಯನ್ನು ಒಂದೇ ನಕ್ಷೆಗೆ ತರೋಣ ಅಂತ ಹೊರಟೆವು. ಪೈ ಒಳಗಿನ ರೀಡ್‌ಎಸ್‌ಬಿ ತಂತ್ರಾಂಶ ಸಾಮಾನ್ಯವಾಗಿ 30005 ಎಂಬ ಪೋರ್ಟಿನಲ್ಲಿ, ಅಂದರೆ ಆ ಸಂಖ್ಯೆಯ ಬಾಗಿಲಲ್ಲಿ, ಮಾಹಿತಿ ಕೊಡುತ್ತದೆ. ಅದಕ್ಕೆ ಪಾಸ್‌ವರ್ಡ್ ಇಲ್ಲ. ರೂಟರ್‌ನಲ್ಲಿ ಅದನ್ನು ಸುಮ್ನೆ ಹೊರಗೆ ತೆರೆದಿಟ್ಟರೆ ಯಾರು ಬೇಕಾದರೂ ಬಂದು ಸೇರಬಹುದು. ನಕ್ಷೆಯ ಪುಟವನ್ನೂ ತೆರೆದಿಟ್ಟರೆ ಮನೆ ಎಲ್ಲಿದೆ ಅನ್ನುವುದೂ ಊರಿಗೆಲ್ಲ ಗೊತ್ತಾಗುತ್ತದೆ. ಹಾಗಾಗಿ ಎರಡು ಮನೆಗಳ ನಡುವೆ ಮಾಹಿತಿಯನ್ನು ಗುಟ್ಟಾಗಿ ಸಾಗಿಸುವ ವೈರ್‌ಗಾರ್ಡ್ ತಂತ್ರಾಂಶ ಹಾಕುವುದು ಅಂತಾಯಿತು. ಅದನ್ನು ಹೇಗೆ ಮಾಡಬೇಕು ಎಂದು ಅವನಿಗಾಗಿ ಕನ್ನಡದಲ್ಲೇ ಎರಡು ಪುಟ ಬರೆದುಕೊಟ್ಟೆ. ತೊಡಕು ಶುರುವಾಗಿದ್ದು ಅಲ್ಲಿಂದ.

ವೈರ್‌ಗಾರ್ಡ್ ಹಾಕಿದ ಪ್ರತಿ ಕಂಪ್ಯೂಟರಿಗೂ ಒಂದು ಜೋಡಿ ‘ಕೀ’ ಬೇಕು; ಇನ್ನೊಬ್ಬರಿಗೆ ಕೊಡುವುದು ಪಬ್ಲಿಕ್ ಕೀ, ಗುಟ್ಟಾಗಿ ಇಟ್ಟುಕೊಳ್ಳುವುದು ಪ್ರೈವೇಟ್ ಕೀ. ಇವಕ್ಕೆ ಎಲ್ಲರೂ ಬರೆಯುವ ಹಾಗೆ ನಾನೂ ‘ಸಾರ್ವಜನಿಕ ಕೀಲಿ’, ‘ಖಾಸಗಿ ಕೀಲಿ’ ಎಂದು ಬರೆದಿದ್ದೆ. ಸಾರ್ವಜನಿಕ ಕೀಲಿಯನ್ನು ನನಗೆ ಕಳಿಸು, ಖಾಸಗಿ ಕೀಲಿ ನಿನ್ನ ಹತ್ತಿರವೇ ಇರಲಿ ಅಂತ. ರಾತ್ರಿ ಅವನಿಂದ ವಾಟ್ಸಾಪ್ ಬಂತು. ‘ಮಾಮಾ, ಕೀಲಿ ಕಳಿಸೀನಿ ನೋಡ್ರಿ.’ ನೋಡಿದರೆ ಖಾಸಗಿಯದನ್ನೇ ಕಳಿಸಿದ್ದ! ತಪ್ಪು ಅವನದಲ್ಲ. ವೈರ್‌ಗಾರ್ಡ್‌ನಲ್ಲಿ ಎರಡೂ 44 ಅಕ್ಷರಗಳ ಸಾಲುಗಳು, ಎರಡರ ಕೊನೆಗೂ ಸಮ ಚಿಹ್ನೆ. ನೋಡಿದರೆ ಯಾವುದು ಯಾವುದು ಅಂತ ತಿಳಿಯುವುದೇ ಇಲ್ಲ. ಹೆಸರೊಂದೇ ಗುರುತು. ಆ ಹೆಸರು ನಮ್ಮ ಕಿವಿಗೆ ಸರಿಯಾಗಿ ಬೀಳಬೇಕು ಅಲ್ವಾ?

ಹಳೆಯ ಜೋಡಿಯನ್ನು ಅಳಿಸಿ ಹೊಸದು ಮಾಡು ಎಂದು ಫೋನಿನಲ್ಲಿ ಹೇಳುತ್ತಿದ್ದೆ. ಸ್ಪೀಕರ್ ಹಾಕಿದ್ದ. ಅಕ್ಕ ಪಕ್ಕದಲ್ಲೇ ಇದ್ದಳು. ‘ಕೀಲಿ ಬಾಗಲಿಗೆ ಹಾಕೂದು, ಕೀಲಿಕೈ ನಮ್ಮ ಕಡೆ ಇಟ್ಕೊಳ್ಳೂದು. ನೀವು ಎರಡಕ್ಕೂ ಕೀಲಿ ಕೀಲಿ ಅಂದ್ರ ಹುಡುಗಗ ಹೆಂಗ ತಿಳೀಬೇಕೋ?’ ಅಂದಳು.

ಅವಳು ಹೇಳಿದ್ದು ಪೂರ್ತಿ ಸರಿ. ನಮ್ಮ ಕಡೆ ಕೀಲಿ ಅಂದರೆ ಬೀಗ. ‘ಕೀಲಿ ಹಾಕ್ಕೊಂಡು ಬಾ’ ಅಂದರೆ ಬೀಗ ಹಾಕಿಕೊಂಡು ಬಾ ಅಂತ. ತೆರೆಯುವುದು ಕೀಲಿಕೈ. ಕಂಪ್ಯೂಟರ್ ಕನ್ನಡದಲ್ಲಿ ‘ಕೈ’ ಬಿದ್ದುಹೋಗಿ ಕೀಲಿಯೇ ತೆರೆಯುವ ವಸ್ತುವಾಗಿಬಿಟ್ಟಿದೆ. ಬೆಳಗಾವಿಯಲ್ಲಿ ಇನ್ನೊಂದು ಗೊಂದಲ ಇದೆ. ಮರಾಠಿಯಲ್ಲಿ ಕಿಲ್ಲಿ ಅಂದರೆ ಬೀಗದ ಕೈ, ಬೀಗಕ್ಕೆ ಕುಲೂಪ. ಹೀಗಾಗಿ ಒಂದೇ ಓಣಿಯಲ್ಲಿ ಕೀಲಿ ಮುಚ್ಚುತ್ತದೆ, ಕಿಲ್ಲಿ ತೆರೆಯುತ್ತದೆ.

ನನಗೆ ಹೊಳೆದದ್ದು ಇದು. ಸಾರ್ವಜನಿಕ ಕೀಲಿ ಮಾಡುವ ಕೆಲಸ ನಿಜವಾಗಿಯೂ ಬೀಗದ್ದೇ. ಅದನ್ನು ಯಾರಿಗೆ ಬೇಕಾದರೂ ಕೊಡಬಹುದು. ಅವರು ಅದರಿಂದ ಪೆಟ್ಟಿಗೆ ಮುಚ್ಚಿ ಕಳಿಸುತ್ತಾರೆ, ತೆರೆಯುವುದು ನನ್ನ ಹತ್ತಿರ ಇರುವ ಕೈಯಿಂದ ಮಾತ್ರ. ಹಾಗಿದ್ದರೆ ಸಾರ್ವಜನಿಕವಾದದ್ದಕ್ಕೆ ‘ಕೀಲಿ’, ಖಾಸಗಿಯಾದದ್ದಕ್ಕೆ ‘ಕೀಲಿಕೈ’ ಅಂತ ಬರೆದರೆ? ‘ನಿನ್ನ ಕೀಲಿ ಕಳಿಸು, ಕೀಲಿಕೈ ಯಾರಿಗೂ ಕೊಡಬೇಡ.’ ವಿಶೇಷಣವೇ ಬೇಡ. ಎರಡನೇ ಸಲ ಬರೆದುಕೊಟ್ಟ ಪುಟದಲ್ಲಿ ಹೀಗೇ ಹಾಕಿದೆ, ಅವನು ಸರಿಯಾದದ್ದನ್ನೇ ಕಳಿಸಿದ.

ಹೋಲಿಕೆ ಪೂರ್ತಿ ಕೂಡುವುದಿಲ್ಲ, ಅದನ್ನೂ ಹೇಳಬೇಕು. ಪೇಟೆಯ ಕೀಲಿ ರಿಪೇರಿಯವನು ಕೀಲಿ ನೋಡಿ ಕೈ ಮಾಡಿಕೊಡುತ್ತಾನೆ. ಇಲ್ಲಿ ಕೀಲಿಕೈಯಿಂದ ಕೀಲಿ ಹುಟ್ಟುತ್ತದೆ, ಕೀಲಿಯಿಂದ ಕೈ ಮಾಡಲು ಆಗುವುದಿಲ್ಲ. ಭದ್ರತೆ ನಿಂತಿರುವುದೇ ಅದರ ಮೇಲೆ. ಇನ್ನೊಂದು, ಡಿಜಿಟಲ್ ಸಹಿ. ಅಲ್ಲಿ ಖಾಸಗಿಯಾದದ್ದರಿಂದ ಸಹಿ ಹಾಕುತ್ತಾರೆ, ಸಾರ್ವಜನಿಕವಾದದ್ದರಿಂದ ಆ ಸಹಿ ಖರೆಯೋ ಅಂತ ಪರೀಕ್ಷೆ ಮಾಡುತ್ತಾರೆ. ಬೀಗ ಅಲ್ಲಿ ಹೊಂದುವುದಿಲ್ಲ. ನಮ್ಮ ಕಡೆ ‘ಸಹಿ-ಸಿಕ್ಕಾ’ ಅನ್ನುತ್ತಾರೆ. ಸಿಕ್ಕಾ ಅಂದರೆ ಕಾಗದದ ಮೇಲೆ ಒತ್ತುವ ಮೊಹರು. ಆ ಕೆಲಸಕ್ಕೆ ಸಿಕ್ಕಾ ಎಂಬ ಮಾತನ್ನೇ ಇಟ್ಟುಕೊಳ್ಳಬಹುದೇ? ಒಂದೇ ವಸ್ತುವಿಗೆ ಎರಡು ಕಡೆ ಎರಡು ಹೆಸರಾದರೆ ಕಲಿಯುವವರಿಗೆ ಕಷ್ಟವೇನೋ ಎಂಬ ಅನುಮಾನ ನನಗಿದೆ.

ಇನ್ನೆರಡು ಮಾತು. ವೈರ್‌ಗಾರ್ಡ್ ಎರಡು ಮನೆಗಳ ನಡುವೆ ಮಾಡುವ ಗುಟ್ಟಿನ ದಾರಿಗೆ ‘ಟನಲ್’ ಅನ್ನುತ್ತಾರೆ. ಅದಕ್ಕೆ ಸುರಂಗ ಎಂದು ಬರೆದಿದ್ದೇನೆ. ವಿಜಯಪುರದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತೊರವಿಯ ಸುರಂಗ ಬಾವಿ ಅಲ್ಲೇ ಇದೆ. ಆದಿಲ್‌ಶಾಹಿ ಕಾಲದಲ್ಲಿ ನೆಲದೊಳಗಿಂದ ಊರಿಗೆ ನೀರು ತಂದ ವ್ಯವಸ್ಥೆ ಅದು. ಮೇಲೆ ನಡೆಯುವವರಿಗೆ ಕಾಣದೆ ಒಳಗೆ ಹರಿಯುವುದು, ನಮ್ಮ ಮಾಹಿತಿಯೂ ಹಾಗೇ ಹೋಗುತ್ತದೆ.

‘ಫೀಡರ್’ ಮಾತ್ರ ಸಿಗುತ್ತಿಲ್ಲ. ಮಾಹಿತಿ ಕಳಿಸುವ ತಂತ್ರಾಂಶಕ್ಕೆ ಆ ಹೆಸರು. ಆದರೆ ನಮ್ಮ ಹಳ್ಳಿಗಳಲ್ಲಿ ಫೀಡರ್ ಅಂದರೆ ಕರೆಂಟಿನ ಲೈನು. ಹೊಲಕ್ಕೆ ನೀರು ಉಣಿಸುವ ಹಾಗೆ ‘ಉಣಿಸುಗ’ ಅನ್ನೋಣವೇ ಎಂದು ಯೋಚಿಸಿದೆ, ಬಾಯಿಗೆ ಒಗ್ಗಲಿಲ್ಲ. ಸದ್ಯ ‘ಕಳಿಸುವ ತಂತ್ರಾಂಶ’ ಎಂದೇ ಬಿಟ್ಟಿದ್ದೇನೆ.

ಈಗ ನನ್ನ ಪ್ರಶ್ನೆ. ಮೈಸೂರು, ಮಂಗಳೂರು, ಶಿವಮೊಗ್ಗ ಕಡೆಯವರು ‘ಕೀಲಿ’ ಎಂದು ಒಂದೇ ಮಾತು ಕೇಳಿದರೆ ಮೊದಲು ಯಾವುದನ್ನು ನೆನೆಯುತ್ತೀರಿ, ಮುಚ್ಚುವುದನ್ನೋ ತೆರೆಯುವುದನ್ನೋ? ನಿಮ್ಮ ಮನೆಯ ಹಿರಿಯರನ್ನೂ ಕೇಳಿ ಬರೆಯಿರಿ. ಬಾಗಲಕೋಟೆಯ ಗೆಳೆಯರೊಬ್ಬರು ಮೂರನೆಯ ಆಂಟೆನಾ ಹಾಕುತ್ತಿದ್ದಾರೆ. ಅವರಿಗೆ ಪುಟಗಳನ್ನು ಕೊಡುವ ಮೊದಲು ತಿದ್ದಬೇಕು.