ಸಿನಿಮಾದ ‘ಕಟ್’ಗೆ ಕನ್ನಡದಲ್ಲಿ ಏನು? (ನಾಳೆ ಸಂಜೆಯೊಳಗೆ ಬೇಕು)

ಎಂ., ಬೆಂಗಳೂರು:

ಎಲ್ಲರಿಗೂ ನಮಸ್ಕಾರ. ಒಂದು ಪದ ಅರ್ಜೆಂಟಾಗಿ ಬೇಕು. ನಮ್ಮ ಬಡಾವಣೆಯ ಲೈಬ್ರರಿಯಲ್ಲಿ ಶನಿವಾರ ಒಂದು ಸಣ್ಣ ಪ್ರದರ್ಶನ ಇದೆ. ಇಟಲಿಯ ಹಾರರ್ ನಿರ್ದೇಶಕ ದಾರಿಯೊ ಅರ್ಜೆಂತೊ ಸಿನಿಮಾಗಳ ಕ್ಯಾಸೆಟ್, ಡಿವಿಡಿ, ಬ್ಲೂ-ರೇ ಅಂತ ನಾನು ಹದಿನೈದು ವರ್ಷದಿಂದ ಕೂಡಿಸಿಟ್ಟದ್ದೆಲ್ಲ ಮೇಜಿನ ಮೇಲೆ ಬರುತ್ತದೆ. ಒಂದೊಂದಕ್ಕೂ ಒಂದು ಚೀಟಿ. ಫ್ಲೆಕ್ಸ್ ಅಂಗಡಿಯವರು ನಾಳೆ ಸಂಜೆಯೊಳಗೆ ಮ್ಯಾಟರ್ ಕೊಡಿ ಅಂದಿದ್ದಾರೆ.

ತೊಡಕು ಇದು. 1985ರ ‘ಫೆನಾಮಿನಾ’ಗೆ ಮೂರು ಕಟ್ ಇವೆ, ಅಂದರೆ ಒಂದೇ ಸಿನಿಮಾವನ್ನು ಮೂರು ಉದ್ದಕ್ಕೆ ಎಡಿಟ್ ಮಾಡಿದ್ದು. ಇಟಲಿಯದ್ದು 116 ನಿಮಿಷ. ಹೊರದೇಶಗಳಿಗೆ ಕಳಿಸಿದ್ದು 110. ಅಮೆರಿಕದಲ್ಲಿ ‘ಕ್ರೀಪರ್ಸ್’ ಅಂತ ಹೆಸರನ್ನೇ ಬದಲಿಸಿ 83 ನಿಮಿಷಕ್ಕೆ ಇಳಿಸಿದರು. ಈ ‘ಕಟ್’ಗೆ ಏನನ್ನೋಣ? ಮೊದಲು ‘ಆವೃತ್ತಿ’ ಅಂತ ಬರೆದೆ. ಆದರೆ ಒಂದೇ ಸಿನಿಮಾವನ್ನು ಬೇರೆ ಬೇರೆ ಕಂಪನಿಗಳು ಡಿಸ್ಕ್ ಮಾಡಿ ತರುತ್ತವಲ್ಲ, ಅದಕ್ಕೂ ಆವೃತ್ತಿ ಅಂತಲೇ ಬರೆಯಬೇಕಾಯಿತು. ‘2017ರ ಆವೃತ್ತಿಯಲ್ಲಿ ಮೂರು ಆವೃತ್ತಿಗಳಿವೆ’ ಅನ್ನೋ ಚೀಟಿ ಓದಿ ನನ್ನ ಹೆಂಡತಿ ನಕ್ಕಳು.

ಜೊತೆಗೆ ‘ಅನ್‌ಕಟ್’ ಮತ್ತು ‘ಹೋಮ್ ವಿಡಿಯೊ’ಗೂ (ಮನೆಯಲ್ಲಿ ನೋಡಲು ಮಾರುವ ಕ್ಯಾಸೆಟ್, ಡಿಸ್ಕ್) ಹೇಳಿ. ಮನೆ ವಿಡಿಯೊ ಅಂದರೆ ನಾಮಕರಣದ ಕ್ಯಾಸೆಟ್ ಅನ್ನಿಸುತ್ತದೆ.

ಎಸ್., ಮೈಸೂರು:

ಅನ್‌ಕಟ್ = ಕತ್ತರಿ ಬೀಳದ. ಕಟ್ = ಕತ್ತರಿಕೆ. ಸೆನ್ಸಾರ್ ಕತ್ತರಿ ಯಾರಿಗೆ ಗೊತ್ತಿಲ್ಲ? ಒಳ್ಳೆಯ ಕನ್ನಡ ಪದ ಕೈಯಲ್ಲೇ ಇರುವಾಗ ಸಂಸ್ಕೃತದ ಆವೃತ್ತಿ ಯಾಕೆ ಬೇಕಿತ್ತೋ.

ಜಿ., ಶಿವಮೊಗ್ಗ:

ಎಸ್. ಅವರ ‘ಒಳ್ಳೆಯ ಕನ್ನಡ ಪದ’ ಕರ್ತರಿಯ ತದ್ಭವ. ಹೈಸ್ಕೂಲಿನ ಪಟ್ಟಿಯಲ್ಲೇ ಇದೆ.

ಎಸ್., ಮೈಸೂರು:

ಹೈಸ್ಕೂಲಿನ ಪಟ್ಟಿ ಹೈಸ್ಕೂಲಿಗೇ ಇರಲಿ. ಕತ್ತಿ ಯಾವ ಭಾಷೆಯದು ಸ್ವಾಮಿ?

ಎಂ., ಬೆಂಗಳೂರು:

ಇಬ್ಬರಿಗೂ ಧನ್ಯವಾದ. ಆದರೆ ಕತ್ತರಿ ಅಂದ ಕೂಡಲೇ ಜನ ಸೆನ್ಸಾರ್ ಅಂದುಕೊಳ್ಳುತ್ತಾರೆ. ಇಲ್ಲಿ ಬಹಳ ಸಲ ಅದಲ್ಲ. 1975ರ ‘ಪ್ರೊಫೊಂದೊ ರೊಸ್ಸೊ’ ನೋಡಿ. ಇಟಲಿಯಲ್ಲಿ ಎರಡು ಗಂಟೆಗೂ ಜಾಸ್ತಿ. ಹೊರಗೆ ಕಳಿಸುವಾಗ ಸುಮಾರು ಇಪ್ಪತ್ತು ನಿಮಿಷ ತೆಗೆದರು. ತೆಗೆದದ್ದು ಬರೀ ರಕ್ತವನ್ನಲ್ಲ. ಹೆಚ್ಚಾಗಿ ಪಿಯಾನೊ ವಾದಕನೂ ಪತ್ರಕರ್ತೆಯೂ ಒಬ್ಬರ ಕಾಲು ಒಬ್ಬರು ಎಳೆಯುವ ತಮಾಷೆ ದೃಶ್ಯಗಳನ್ನು. ಇದು ಸೆನ್ಸಾರ್ ಅಲ್ಲ, ವ್ಯಾಪಾರ. ಈಗ ಪೂರ್ತಿ ಸಿನಿಮಾವನ್ನು ಇಂಗ್ಲಿಷಿನಲ್ಲಿ ಹಾಕಿ ನೋಡಿದರೆ ಆ ಜಾಗಗಳಲ್ಲಿ ಇದ್ದಕ್ಕಿದ್ದಂತೆ ಇಬ್ಬರೂ ಇಟಾಲಿಯನ್ ಮಾತಾಡಲು ಶುರು ಮಾಡುತ್ತಾರೆ. ಆ ತುಣುಕುಗಳಿಗೆ ಇಂಗ್ಲಿಷ್ ಧ್ವನಿಯೇ ಇಲ್ಲ. ಮೊದಲ ಸಲ ನೋಡಿದಾಗ ಟಿವಿ ಕೆಟ್ಟಿತು ಅಂದುಕೊಂಡಿದ್ದೆ.

‘ಅನ್‌ಕಟ್’ ನನಗೆ ಯಾಕೆ ಮುಖ್ಯ ಅಂದರೆ, ಸೆಕೆಂಡ್ ಹ್ಯಾಂಡ್ ಮಾರುವವರೊಬ್ಬರು ‘ಪೂರ್ತಿ ಸಿನಿಮಾ’ ಅಂತ ನಂಬಿಸಿ ನನಗೆ 83 ನಿಮಿಷದ್ದನ್ನು ಕಳಿಸಿದ್ದರು. ಹಾಗಂತ ನಿಮಿಷ ಎಣಿಸಿದರೂ ಸಾಲದು. ಯೂರೋಪಿನ ಪಾಲ್ (ಅಲ್ಲಿಯ ಟಿವಿ ಪದ್ಧತಿ) ಡಿವಿಡಿಗಳಲ್ಲಿ ಸೆಕೆಂಡಿಗೆ 24 ಚಿತ್ರದ ಬದಲು 25 ಓಡುತ್ತವೆ. 116 ನಿಮಿಷದ್ದು ಅಲ್ಲಿ 111ಕ್ಕೇ ಮುಗಿಯುತ್ತದೆ. ಏನೂ ಹೋಗಿಲ್ಲ, ಓಟ ಜಾಸ್ತಿ ಅಷ್ಟೆ. ನೋಡಿದವರು ಇದು 110ರದ್ದೇ ಅಂತ ಬದಿಗಿಡುತ್ತಾರೆ. ನಾನೂ ಹಾಗೆ ಒಂದನ್ನು ಕೈಬಿಟ್ಟಿದ್ದೇನೆ, ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಕೆ., ಧಾರವಾಡ:

ಎಂ. ಅವರೇ, ನೀವು ಹುಡುಕುವ ಪದ ನಮ್ಮ ಮನೆಯೊಳಗೇ ಇದೆ. ಓಲೆಗರಿ ಸಂಪಾದನೆ ಮಾಡಿದವರನ್ನು ಕೇಳಿ. ಕಾವ್ಯ ಒಂದೇ, ಓಲೆಗರಿಯ ಕಟ್ಟು ಹತ್ತು. ಕೈಗೆ ಸಿಗುವ ವಸ್ತು ‘ಪ್ರತಿ’. ಅದರೊಳಗಿನ ಮಾತು ‘ಪಾಠ’. ಪ್ರತಿಯಿಂದ ಪ್ರತಿಗೆ ಬದಲಾದರೆ ‘ಪಾಠಾಂತರ’. ನಡುವೆ ಬಿಟ್ಟುಹೋಗಿದ್ದರೆ ‘ಗ್ರಂಥಪಾತ’. ಬರೆದ ಪದ ಅಳಿಸುವವನಲ್ಲ ಅಂತ ಬೀಗಿದ ಕುಮಾರವ್ಯಾಸನ ಭಾರತಕ್ಕೇ ಪಾಠಾಂತರ ರಾಶಿ ಬಿದ್ದಿವೆ. ನಿಮ್ಮ ಇಟಲಿಯವನದು ಯಾವ ಲೆಕ್ಕ ಬಿಡ್ರಿ. 116 ಮೂಲಪಾಠ, 110 ಪಾಠಾಂತರ, 83 ಗ್ರಂಥಪಾತ. ಡಿಸ್ಕ್ ಪ್ರತಿ. ಇದಕ್ಕಿಂತ ಚೊಕ್ಕಟ ಬೇಕೇ?

ಎಸ್., ಮೈಸೂರು:

ಲೈಬ್ರರಿಗೆ ಬರುವ ಮಕ್ಕಳು ‘ಪಾಠ’ ಅಂದರೆ ಪಾಠ ಒಂದು, ಪಾಠ ಎರಡು ಅಂದುಕೊಳ್ಳುತ್ತವೆ. ‘ಗ್ರಂಥಪಾತ’ ನೋಡಿದರೆ ಕಪಾಟು ಬಿತ್ತು ಅಂದುಕೊಳ್ಳುತ್ತವೆ.

ಎಂ., ಬೆಂಗಳೂರು:

ಕೆ. ಸರ್, ಪ್ರತಿ ಮತ್ತು ಪಾಠ ಬೇರೆ ಮಾಡಿದ್ದು ನನಗೆ ಬಹಳ ಹಿಡಿಸಿತು. ನಾನು ಒದ್ದಾಡುತ್ತಿರುವುದೇ ಅದಕ್ಕೆ. ‘ಮೂಲ’ ಮಾತ್ರ ಕಷ್ಟ. ಆ ಕಾಲದ ಇಟಲಿಯಲ್ಲಿ ಮಾತನ್ನು ಆಮೇಲೆ ಡಬ್ ಮಾಡುತ್ತಿದ್ದರು. ಸೆಟ್ಟಿನಲ್ಲಿ ಒಬ್ಬರು ಇಂಗ್ಲಿಷ್, ಇನ್ನೊಬ್ಬರು ಇಟಾಲಿಯನ್. ಯಾವ ಧ್ವನಿ ಮೂಲ ಅನ್ನುವುದಕ್ಕೆ ಸಂಗ್ರಹ ಮಾಡುವವರೇ ಇನ್ನೂ ಕಿತ್ತಾಡುತ್ತಾರೆ.

ಜಿ., ಶಿವಮೊಗ್ಗ:

ಕಾಪಿ ಅನ್ನಿ. ಪ್ರತಿ ಯಾಕೆ?

ಎಸ್., ಮೈಸೂರು:

ಕಾಪಿ ಅಂದರೆ ಪರೀಕ್ಷೆಯಲ್ಲಿ ಹೊಡೆಯುವುದು, ಇಲ್ಲಾ ಲೋಟದಲ್ಲಿ ಕುಡಿಯುವುದು.

ಎಂ., ಬೆಂಗಳೂರು:

ಇನ್ನೆರಡು ಚೀಟಿ ಬಾಕಿ. ‘ಜಾಲ್ಲೊ’ ಅನ್ನುವ ಪ್ರಕಾರದ ಹೆಸರನ್ನು ಹಾಗೇ ಬಿಡಲೇ? ಇಟಾಲಿಯನ್ನಿನಲ್ಲಿ ಹಳದಿ ಅಂತ ಅರ್ಥ. ಮೊಂದಾದೊರಿ ಪ್ರಕಾಶನ 1929ರಿಂದ ಪತ್ತೇದಾರಿ ಕಾದಂಬರಿಗಳನ್ನು ಹಳದಿ ರಟ್ಟಿನಲ್ಲಿ ತಂದಿತು. ಅಲ್ಲಿಂದ ಅಲ್ಲಿಯವರಿಗೆ ಪತ್ತೇದಾರಿ ಅಂದರೆ ಹಳದಿ. ನಮ್ಮಲ್ಲಿ ‘ಹಳದಿ ಸಿನಿಮಾ’ ಅಂತ ಹಾಕಿದರೆ ಹಳದಿ ಪತ್ರಿಕೆ ಜ್ಞಾಪಕ ಬಂದು ಜನ ಬೇರೇನೋ ತಿಳಿಯುತ್ತಾರೆ, ಅಲ್ವಾ? ಇನ್ನೊಂದು ‘ರೆಸ್ಟೊರೇಷನ್’, ಹಳೆ ಫಿಲ್ಮನ್ನು ಸರಿಪಡಿಸಿ ಹೊಸದು ಮಾಡುವ ಕೆಲಸ. 1977ರ ‘ಸಸ್ಪಿರಿಯಾ’ಕ್ಕೆ 4ಕೆಯಲ್ಲಿ (ತುಂಬಾ ಸ್ಪಷ್ಟವಾದ ಡಿಜಿಟಲ್ ಚಿತ್ರ) ಮಾಡಿದ ಆ ಕೆಲಸವನ್ನು ಛಾಯಾಗ್ರಾಹಕ ಲುಚಿಯಾನೊ ತೊವೊಲಿ ಅವರೇ ಮುಂದೆ ನಿಂತು ನೋಡಿಕೊಂಡರು. ಆ ಡಿಸ್ಕ್ 2017ರದ್ದು.

ಕೆ., ಧಾರವಾಡ:

ಜೀರ್ಣೋದ್ಧಾರ.

ಜಿ., ಶಿವಮೊಗ್ಗ:

ನಮ್ಮೂರ ದೇವಸ್ಥಾನದ ಜೀರ್ಣೋದ್ಧಾರದಲ್ಲಿ ಕಲ್ಲಿನ ಕಂಬಕ್ಕೆ ಆಯಿಲ್ ಪೇಂಟ್ ಹೊಡೆದರು.

ಎಂ., ಬೆಂಗಳೂರು:

ಹಾಗಾದರೆ ಪದ ಸರಿಯಾಗಿಯೇ ಇದೆ. ಹಿಂದಿನ ಕೆಲವು ಡಿಸ್ಕುಗಳ ಕೆಂಪು ನೋಡಿದರೆ ನಿಮಗೂ ಹಾಗೇ ಅನ್ನಿಸುತ್ತದೆ.

ಎಸ್., ಮೈಸೂರು:

ಹಳದಿಯೂ ಕನ್ನಡದ್ದಲ್ಲ, ಹರಿದ್ರಾ. ಜಾಲ್ಲೊ ಬೇಡ, ಹಳದಿ ಬೇಡ, ಪಾಠಾಂತರ ಬೇಡ. ಎಲ್ಲ ಬಾಗಿಲೂ ತೆರೆದಿಟ್ಟರೆ ಕೊನೆಗೆ ಮನೆಯಲ್ಲಿ ನಮಗೇ ಜಾಗ ಇರಲ್ಲ. ನಿಮ್ಮ ಚೀಟಿಯಲ್ಲಿ ಕ್ರಿಯಾಪದ ಬಿಟ್ಟರೆ ಕನ್ನಡ ಯಾವುದಿದೆ ತೋರಿಸಿ.

ಕೆ., ಧಾರವಾಡ:

ಸಂಸ್ಕೃತ ಬೇಡ ಅನ್ನುವವರು ‘ಕ್ರಿಯಾಪದ’ ಅನ್ನುತ್ತಿದ್ದಾರೆ. ನಾನು ಈ ಚರ್ಚೆಯಿಂದ ಹೊರಗೆ.

ಆರ್., ಬೆಂಗಳೂರು:

ನಾನು ಭಾಷೆ ಓದಿದವನಲ್ಲ, ಎಡಿಟಿಂಗ್ ರೂಮಿನಲ್ಲಿ ಕೂತವನು. ಕನ್ನಡ ಸಿನಿಮಾದ ಟೈಟಲ್ ಕಾರ್ಡ್ ಯಾರೂ ನೋಡಿಲ್ವಾ? ಎಡಿಟಿಂಗ್‌ಗೆ ‘ಸಂಕಲನ’ ಅಂತ ಎಷ್ಟೋ ವರ್ಷದಿಂದ ಬರೆಯುತ್ತೇವೆ. ಅವರು ಕತ್ತರಿಸಿದ್ದನ್ನು ಹೇಳಿದರು, ನಾವು ಕೂಡಿಸಿದ್ದನ್ನು ಹೇಳಿದೆವು. ಕೆಲಸ ಎರಡೂ ಒಂದೇ. ರಾತ್ರಿಯೆಲ್ಲ ತುಣುಕು ಜೋಡಿಸಿ ಬೆಳಿಗ್ಗೆ ಕೈಗೆ ಬರುವುದು ಕಟ್ ಅಲ್ಲ, ಒಂದು ಕಟ್ಟು. 116ರದ್ದು ಒಂದು ಸಂಕಲನ, 83ರದ್ದು ಇನ್ನೊಂದು. ಡಿಸ್ಕಿಗೆ ‘ಬಿಡುಗಡೆ’ ಸಾಕು. ಸುಮ್ನೆ ಯಾಕೆ ಜಗಳ.

ಕೆ., ಧಾರವಾಡ:

ಕಥಾಸಂಕಲನ ಅಂದುಕೊಂಡು ಮೂರು ಸಣ್ಣಕಥೆಯ ಸಿನಿಮಾ ಅನ್ನುತ್ತಾರೆ. (ಹೊರಗಿನಿಂದ ಹೇಳುತ್ತಿದ್ದೇನೆ.)

ಎಂ., ಬೆಂಗಳೂರು:

ಮ್ಯಾಟರ್ ಕೊಟ್ಟು ಬಂದೆ. ‘ಫೆನಾಮಿನಾ: 2017ರ ಬಿಡುಗಡೆ, ಮೂರು ಸಂಕಲನಗಳು’ ಅಂತ ಹಾಕಿಸಿದೆ. ಹೆಂಡತಿ ನಗಲಿಲ್ಲ. ಅನ್‌ಕಟ್‌ಗೆ ‘ಪೂರ್ತಿ’. ಕೆ. ಸರ್ ಅವರ ‘ಪ್ರತಿ’ಯನ್ನು ಹಳೆ ಕ್ಯಾಸೆಟ್ಟಿನ ಚೀಟಿಗಳಿಗೆ ಬಳಸಿದ್ದೇನೆ. ಒಂದೊಂದು ಕ್ಯಾಸೆಟ್ಟಿನ ಅವತಾರವೂ ಬೇರೆ, ಓಲೆಗರಿಯ ಹಾಗೇ. 1982ರ ‘ತೆನೆಬ್ರೆ’ಯನ್ನು ಬ್ರಿಟನ್ನಿನಲ್ಲಿ ನಿಷಿದ್ಧ ವಿಡಿಯೊಗಳ ಪಟ್ಟಿಗೆ ಸೇರಿಸಿದ್ದರು. ಅಲ್ಲಿಯ ಒಂದು ರಟ್ಟಿನಲ್ಲಿ ಹುಡುಗಿಯ ಕತ್ತಿನ ಗಾಯದ ಮೇಲೆ ಕೆಂಪು ರಿಬ್ಬನ್ನಿನ ಗಂಟು ಹಾಕಿ ಮುಚ್ಚಿದ್ದಾರೆ. ಅದರ ಚೀಟಿಗೆ ಎಸ್. ಅವರ ‘ಕತ್ತರಿ’ ಬಳಸಿದೆ. ಅಲ್ಲಿ ಅದೇ ಸರಿ. ಜಾಲ್ಲೊ ಜಾಲ್ಲೊ ಆಗಿಯೇ ಉಳಿಯಿತು. ಬೋರ್ಡಿನ ತಲೆಗೆ ‘ದಾರಿಯೊ ಅರ್ಜೆಂತೊ: ಕ್ಯಾಸೆಟ್ಟಿನಿಂದ ಬ್ಲೂ-ರೇವರೆಗೆ ವಿಡಿಯೊ ಬಿಡುಗಡೆಗಳು’. ‘ಮನೆ’ ಕೈಬಿಟ್ಟೆ. ಎಲ್ಲರೂ ಬನ್ನಿ, ಸಂಜೆ ಐದಕ್ಕೆ.

ಎಸ್., ಮೈಸೂರು:

ಬರುತ್ತೇನೆ. ‘ವಿಡಿಯೊ’ಗೆ ಹ್ರಸ್ವ ಹಾಕಿಸಿದ್ದೀರಾ? ‘ವೀ’ ಆಗಬೇಕಿತ್ತು.

ಜಿ., ಶಿವಮೊಗ್ಗ:

ಹ್ರಸ್ವವೇ ಸರಿ. ಯಾಕೆ ಅಂತ ಹೊಸ ಇಮೇಲಿನಲ್ಲಿ ಬರೆಯುತ್ತೇನೆ.