ಪ್ರಶ್ನೋತ್ತರ: ಕಿಬ್ಬೊಟ್ಟೆ ಕ್ಯಾನ್ಸರ್, ಮುಂದೆ ಮಕ್ಕಳು ಬೇಕೆಂದರೆ

(ಉತ್ತರಿಸುವವರು: ಕ್ಯಾನ್ಸರ್ ಸರ್ಜನ್. ಹೆಸರು, ರಿಪೋರ್ಟಿನ ಫೋಟೊ ಹಾಕಬೇಡಿ, ಊರು ಸಾಕು.)

ಕುಮಟಾ: ಡಾಕ್ಟ್ರೇ, ತಂಗಿಗೆ 31. ಗರ್ಭಕೋಶದ ಬಾಯಲ್ಲಿ ಒಂದೂವರೆ ಸೆಂಟಿಮೀಟರ್ ಗಡ್ಡೆ. ಗರ್ಭಕೋಶ ತೆಗೀಲೇಬೇಕಾ?

ಡಾಕ್ಟರ್: ಗಡ್ಡೆ 2 ಸೆಂ.ಮೀ. ಒಳಗಿದ್ದು, ಎಂಆರ್‌ಐಯಲ್ಲಿ ಮೇಲಕ್ಕೆ ಹಬ್ಬಿರದೆ, ಲಿಂಫ್ ಗಂಟುಗಳಲ್ಲೂ ಇಲ್ಲದಿದ್ದರೆ ಬಾಯಿಯ ಭಾಗ ಮಾತ್ರ ತೆಗೆಯುವ ಟ್ರೆಕೆಲೆಕ್ಟಮಿ ಕೇಳಿ. ಉಳಿದ ತುದಿಗೆ ಬಿಗಿ ಹೊಲಿಗೆ ಬೀಳುತ್ತದೆ. ದಿನ ತುಂಬುವ ಮೊದಲೇ ಹೆರಿಗೆಯಾಗುವ ಭಯ ಹೆಚ್ಚು, ಹೆರಿಗೆ ಸಿಸೇರಿಯನ್ನೇ.

ಶಿರಸಿ: ನಾದಿನಿಗೆ 27, ಗುದನಾಳದ ಕ್ಯಾನ್ಸರ್. ಬರುವ ವಾರ ಹುಬ್ಬಳ್ಳಿಯಲ್ಲಿ ರೇಡಿಯೇಷನ್‌ನ ಸಿ.ಟಿ. ಮಾರ್ಕಿಂಗ್. ಮಕ್ಕಳ ವಿಷಯ ಅಲ್ಲಿ ಯಾರೂ ಎತ್ತಲಿಲ್ಲ.

ಡಾಕ್ಟರ್: ಮಾರ್ಕಿಂಗ್ (ಕಿರಣ ಎಲ್ಲಿ ಬೀಳಬೇಕೆಂದು ಸ್ಕ್ಯಾನ್ ನೋಡಿ ಗುರುತು ಹಾಕುವುದು) ಆಗುವ ಮೊದಲೇ ಎತ್ತಿ, ಇವತ್ತೇ. ಗುದನಾಳಕ್ಕೆ ಸಾಮಾನ್ಯವಾಗಿ 25 ಸಲಕ್ಕೆ ಹಂಚಿ 45ರಿಂದ 50 ಗ್ರೇ (ಕಿರಣದ ಪ್ರಮಾಣದ ಅಳತೆ) ಕೊಡುತ್ತಾರೆ. ಅಂಡಾಶಯದ ಅರ್ಧದಷ್ಟು ಮೊಟ್ಟೆ ಸಾಯಲು 2 ಗ್ರೇ ಸಾಕು. ಹಾಗಾಗಿ ಲ್ಯಾಪ್ರೋಸ್ಕೋಪಿಯಲ್ಲಿ ಅಂಡಾಶಯವನ್ನು ಗರ್ಭಕೋಶದಿಂದ ಬಿಡಿಸಿ, ರಕ್ತನಾಳದ ತೊಟ್ಟು ಉಳಿಸಿಕೊಂಡು, ಸೊಂಟದೆಲುಬಿನ ಮೇಲಂಚಿಗಿಂತ ಕನಿಷ್ಠ ಒಂದೂವರೆ ಸೆಂಟಿಮೀಟರ್ ಮೇಲೆ, ಪಕ್ಕದ ಗೋಡೆಗೆ ಹೊಲಿಯುತ್ತಾರೆ. ತೊಟ್ಟು ತಿರುಚಿದರೆ ರಕ್ತ ನಿಂತು ಅಂಡಾಶಯವೇ ಹೋಗುತ್ತದೆ. ಟೈಟಾನಿಯಂ ಕ್ಲಿಪ್ ಹಾಕಿಸಿ. ಕ್ಲಿಪ್ ಇಲ್ಲದಿದ್ದರೆ ಮಾರ್ಕಿಂಗ್ ಮಾಡುವವರಿಗೆ ಅಂಡಾಶಯ ಎಲ್ಲಿದೆ ಎಂದೇ ಗೊತ್ತಾಗುವುದಿಲ್ಲ. ಆಪರೇಷನ್ ಆಗಿ ರೇಡಿಯೇಷನ್ ತಡಮಾಡಿದರೆ ಅದು ಕೆಳಕ್ಕೆ ಜಾರಬಹುದು.

ಮೊಟ್ಟೆ ಫ್ರೀಜ್ ಮಾಡಿಸುವುದಿದ್ದರೆ ಅದು ಮೊದಲು: ಎರಡು ವಾರ ಬೇಕು, ಮುಟ್ಟಿಗೆ ಕಾಯಬೇಕಿಲ್ಲ. ಅಂಡಾಶಯ ಮೇಲೆ ಹೋದಮೇಲೆ ಯೋನಿಯ ಮೂಲಕ ಸೂಜಿ ಎಟುಕುವುದಿಲ್ಲ, ಹೊಟ್ಟೆಯಿಂದ ತೆಗೆಯಬೇಕು. ಕೀಮೋ ಮೊದಲಿದ್ದರೆ ಅದಕ್ಕೂ ಮುಂಚೆಯೇ ಆಗಬೇಕು. ಎರಡು ವಾರ ಕಾಯಬಹುದೇ ಎಂದು ಹೇಳಬೇಕಾದವರು ಚಿಕಿತ್ಸೆ ಕೊಡುವವರೇ.

ಇನ್ನೊಂದು ಮಾತು ಮುಚ್ಚಿಡಲಾರೆ. ಅಂಡಾಶಯ ಉಳಿದರೂ ಗರ್ಭಕೋಶ ಕಿರಣದ ಹಾದಿಯಲ್ಲೇ ಇರುತ್ತದೆ. 45 ಗ್ರೇ ತಿಂದ ಗರ್ಭಕೋಶದಲ್ಲಿ ಬಸಿರು ಹೊರುವುದು ಸುರಕ್ಷಿತವಲ್ಲ, ಬಾಡಿಗೆ ತಾಯ್ತನದ ದಾರಿ ನೋಡಬೇಕಾದೀತು. ಗರ್ಭಕೋಶವನ್ನೇ ತಾತ್ಕಾಲಿಕವಾಗಿ ಮೇಲ್ಹೊಟ್ಟೆಗೆ ಕಟ್ಟಿ, ರೇಡಿಯೇಷನ್ ಮುಗಿದಮೇಲೆ ಇಳಿಸುವ ಆಪರೇಷನ್ ಬ್ರೆಜಿಲ್‌ನವರು 2017ರಲ್ಲಿ ವರದಿ ಮಾಡಿದರು. ಅನುಭವವಿರುವ ಕೈ ಇನ್ನೂ ಕಡಿಮೆ.

ಕಾರವಾರ: ತಿಂಗಳಿಗೊಂದು ಇಂಜೆಕ್ಷನ್ ಕೊಟ್ರೆ ಅಂಡಾಶಯ ಉಳೀತದಂತಲ್ಲ?

ಡಾಕ್ಟರ್: ರೇಡಿಯೇಷನ್‌ನಿಂದ ಉಳಿಯುವುದಿಲ್ಲ.

ಅಂಕೋಲಾ: *ಫಾರ್ವರ್ಡ್* ಲಕ್ಷ್ಮಣಫಲದ ಎಲೆ ಕಷಾಯ, ಅಮೃತಬಳ್ಳಿ ರಸ, 48 ದಿನ. ಆಪರೇಷನ್ ಬೇಡವೇ ಬೇಡ!

ಡಾಕ್ಟರ್: ಇದು ಮೂರನೇ ಸಲ ಬರುತ್ತಿದೆ. ಅಮೃತಬಳ್ಳಿಯಿಂದ ಲಿವರ್ ಕೆಟ್ಟ ಪ್ರಕರಣಗಳು ನಮ್ಮ ದೇಶದಲ್ಲೇ ವರದಿಯಾಗಿವೆ. ಲಿವರ್ ಕೆಟ್ಟರೆ ಕೀಮೋ ನಿಲ್ಲುತ್ತದೆ. ಗರ್ಭಕೋಶದ ಬಾಯಿಯ ಗಡ್ಡೆ 48 ದಿನದಲ್ಲಿ 2 ಸೆಂ.ಮೀ. ಮಿತಿ ದಾಟಿದರೆ ಗರ್ಭಕೋಶ ಉಳಿಸುವ ಅವಕಾಶವೂ ಹೋಗುತ್ತದೆ. ಅಳಿಸಿ.

ಅಂಕೋಲಾ: ಹಿರಿಯರು ಹೇಳಿದ್ದು. ಜೀವ ಉಳಿದ್ರೆ ಸಾಕು, ಮಕ್ಕಳ ಚಿಂತೆ ಯಾಕೆ ಈಗ?

ಹೊನ್ನಾವರ: ಅಣ್ಣ, ಅದನ್ನ ಆ ಹುಡುಗಿ ಹೇಳ್ಲಿ, ನೀವಲ್ಲ. ನಾಳೆ ಮಕ್ಕಳಿಲ್ಲ ಅಂತ ಆಡಿಕೊಳ್ಳೋರೂ ಇದೇ ಬಾಯಿ.

ಅಂಕೋಲಾ: ನಾನು ಯಾರನ್ನೂ ಆಡಿಕೊಂಡಿಲ್ಲ. ಮಾತು ನೋಡ್ಕೊಂಡು ಆಡಿ.

ಕಾರವಾರ: ಹುಬ್ಬಳ್ಳಿ ಬೇಡ, ನಮ್ಮವರೆಲ್ಲ ಗೋವಾಕ್ಕೇ ಹೋಗೋದು.

ಶಿರಸಿ: ಶಿರಸಿಯಿಂದ ಗೋವಾಕ್ಕಾ ಮಾರಾಯ್ರೇ? ಕೇಳಿದ್ದೇ ಬೇರೆ, ಸುಮ್ನಿರಿ.

ಭಟ್ಕಳ: ತಮ್ಮನಿಗೆ 24, ಅವನಿಗೂ ಗುದನಾಳದ್ದೇ. ಗಂಡಸರಿಗೂ ಇದೆಲ್ಲ ಬೇಕಾ?

ಡಾಕ್ಟರ್: ಬೇಕು. ಕೀಮೋ, ರೇಡಿಯೇಷನ್, ಆಪರೇಷನ್ ಮೂರಕ್ಕೂ ಮೊದಲು ವೀರ್ಯ ಫ್ರೀಜ್. ಸಾಧ್ಯವಾದರೆ ಎರಡು ಮೂರು ಸ್ಯಾಂಪಲ್.

ಯಲ್ಲಾಪುರ: ಮೊಟ್ಟೆ ಫ್ರೀಜ್ ಸರ್ಕಾರಿ ಕಾರ್ಡಿನಲ್ಲಿ ಆಗ್ತದಾ ಸರ್?

ಕಾರವಾರ: ಇಂಜೆಕ್ಷನ್ ಹೆಸರಾದರೂ ಹೇಳಿ ಸರ್.

ಡಾಕ್ಟರ್: ಮೇಲೆ ಉತ್ತರಿಸಿದ್ದೇನೆ, ಓದಿ. ಶಿರಸಿಯವರೇ, ಮಾತಾಡಿದಿರಾ?

ಶಿರಸಿ: ಫೋನ್ ಮಾಡಿದೆ. ಮಾರ್ಕಿಂಗ್ ಮುಂದೆ ಹಾಕೋಕೆ ಆಗ್ತದಾ ನೋಡ್ತೇವೆ ಅಂದ್ರು.

ಡಾಕ್ಟರ್: ನಾಳೆ ನೇರ ಹೋಗಿ. ನಾದಿನಿಯನ್ನೂ ಕರೆದೊಯ್ಯಿರಿ, ಅವರೇ ಕೇಳಲಿ.